ಹುರುಳಿ ಬಳ್ಳಿಯ ಸಿಂಬೆ

"ಅಣ್ಣ, ಸುಮ್ನೆ ಕೇಳು," ಎಂದು ಅನ್ನಪೂರ್ಣ ಫೋನನ್ನು ಕಾರಿನೊಳಗೆ ಎಲ್ಲೋ ಇಟ್ಟಳು. ನಾನು ಚನ್ನಗಿರಿಯ ಮಂಡಿಯ ಮುಂದೆ ನನ್ನ ಗೂಡ್ಸ್ ಗಾಡಿ ನಿಲ್ಲಿಸಿಕೊಂಡಿದ್ದೆ. ಕೆರೆಬಿಳಚಿಯಿಂದ ತಂದಿದ್ದ ಅಡಿಕೆ ಚೀಲಗಳನ್ನು ಹಮಾಲರು ಇಳಿಸುತ್ತಿದ್ದರು. ಅವರ ಗದ್ದಲದಿಂದ ದೂರ ಸರಿದು ಒಂದು ಕಿವಿ ಮುಚ್ಚಿಕೊಂಡೆ. ಮೊದಲು ಟೈರಿನ ಸದ್ದು, ಗಾಳಿಯ ಸದ್ದು. ಕಾರು ವೇಗ ಹಿಡಿದಂತೆ ಅವೆರಡರ ಕೆಳಗಿನಿಂದ ಗುಂಯ್ ಎನ್ನುವ ಒಂದೇ ಶ್ರುತಿಯ ಸದ್ದು ಎದ್ದಿತು, ಎದ್ದದ್ದು ಇಳಿಯಲೇ ಇಲ್ಲ. ಅದರ ಜೊತೆ ಕಾರಿನ ಬಾಗಿಲ ಕಿಸೆಯಲ್ಲಿದ್ದ ಯಾವುದೋ ಡಬ್ಬಿ ಅದುರುತ್ತಿತ್ತು.

ನಾನು ಆ ಕಾರನ್ನು ವರ್ಷಗಟ್ಟಲೆ ಓಡಿಸಿದವನು. ಹಳೆಯ ಬಿಳಿ ಡೀಸೆಲ್ ಕಾರು. ಚಳಿಗಾಲದ ಬೆಳಿಗ್ಗೆ ಅದು ಎಷ್ಟು ಕೆಮ್ಮುತ್ತದೆ, ಎರಡನೇ ಗೇರು ಎಲ್ಲಿ ಹಟ ಮಾಡುತ್ತದೆ, ಎಲ್ಲಾ ಗೊತ್ತು. ಈ ಸದ್ದು ಮಾತ್ರ ನನಗೆ ಪರಿಚಯದ್ದಲ್ಲ.

ಅನ್ನಪೂರ್ಣ ನನ್ನ ತಂಗಿ. ನ್ಯಾಮತಿಯಿಂದ ಸೂರಗೊಂಡನಕೊಪ್ಪಕ್ಕೆ ಹೋಗುವ ರಸ್ತೆಯಲ್ಲಿ, ಯಾತ್ರೆಯ ದಿನಗಳು ಬಿಟ್ಟು ಉಳಿದಾಗ ಜನವಿಲ್ಲದ ಹೊತ್ತು ನೋಡಿ, ಅವಳಿಗೆ ಕಾರು ಕಲಿಸಿದವನೂ ನಾನೇ. ಮದುವೆಯಾಗಿ ಜಗಳೂರಿಗೆ ಹೋದ ಮೇಲೆ ಅಲ್ಲಿಂದ ಒಳಗಿನ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಅವಳಿಗೆ ಅತಿಥಿ ಶಿಕ್ಷಕಿ ಕೆಲಸ ಸಿಕ್ಕಿತು. ಗಣಿತದ ಪಾಠ. ಆ ಹಳ್ಳಿಗೆ ಹೋಗುವ ಬಸ್ಸು ಪ್ರಾರ್ಥನೆ ಮುಗಿದು ಎರಡನೇ ಪೀರಿಯಡ್ಡಿನ ಹೊತ್ತಿಗೆ ಮುಟ್ಟುತ್ತದೆ. ಯಾರೂ ಕೇಳಿರಲಿಲ್ಲ, ನಾನೇ ಕಾರು ಒಯ್ದು ಅವರ ಮನೆ ಮುಂದೆ ನಿಲ್ಲಿಸಿ ಕೀಲಿ ಅವಳ ಕೈಗೆ ಕೊಟ್ಟು ಬಂದಿದ್ದೆ.

ಕೇಳದೆ ಕೊಟ್ಟಿದ್ದಕ್ಕೆ ಬೆಲೆ ಕಮ್ಮಿ ಎಂಬುದು ಅಲ್ಲಿ ಎರಡೇ ತಿಂಗಳಲ್ಲಿ ಗೊತ್ತಾಯಿತು. ಸದ್ದು ಶುರುವಾದಾಗಿನಿಂದ ಅವಳ ಗಂಡ ಮಹಾಂತೇಶ್ ಮುಂದಿನ ಟೈರು ಬದಲಾಯಿಸಿದ್ದ, ಎಂಜಿನ್ ಕೂರುವ ರಬ್ಬರು ಹಾಕಿಸಿದ್ದ, ಎರಡರಿಂದಲೂ ಏನೂ ಆಗಿರಲಿಲ್ಲ. ಶಾಲೆಯ ಮಕ್ಕಳು ಅವಳನ್ನು ವಿಮಾನ ಟೀಚರ್ ಎನ್ನತೊಡಗಿದ್ದವು. ಅದಕ್ಕೆ ಅವಳೂ ನಗುತ್ತಿದ್ದಳು. ಮನೆಯಲ್ಲಿ ನಗು ಇರಲಿಲ್ಲ. ತಂಗಿಯ ಮನೆಗೆ ಓಡದಿದ್ದನ್ನು ತಂದು ಕಟ್ಟಿ ಹೋದ ಎಂದು ನನ್ನ ಹೆಸರಿಗೂ, ಕಾರನ್ನು ಹೆಂಗೆಂಗೋ ಓಡಿಸಿ ಕೆಡಿಸಿದಳು ಎಂದು ಅವಳ ಹೆಸರಿಗೂ ಮಾತು ಬರುತ್ತಿತ್ತು. ಆ ಎರಡು ಮಾತು ಒಂದಕ್ಕೊಂದು ಹೊಂದುವುದಿಲ್ಲ ಎಂದು ಅಲ್ಲಿ ಯಾರಿಗೂ ಅನ್ನಿಸಿರಲಿಲ್ಲ.

ಫೋನ್ ಕೈಗೆ ತಗೊಂಡು ಅವಳು ಉಳಿದದ್ದು ಹೇಳಿದಳು. ಈ ಭಾನುವಾರದೊಳಗೆ ಸದ್ದು ಹೋಗದಿದ್ದರೆ ಸೋಮವಾರ ಹೋಗಿ ಕೆಲಸ ಬಿಡುತ್ತೇನೆಂದು ಹೆಡ್‌ಮಾಸ್ತರರಿಗೆ ಹೇಳಿ ಬರಬೇಕಂತೆ. ಮಹಾಂತೇಶ್ ಹಾಗೆ ತೀರ್ಮಾನ ಮಾಡಿದ್ದಾನೆ. ಹತ್ತನೇ ಕ್ಲಾಸಿನ ಮಕ್ಕಳಿಗೆ ಪರೀಕ್ಷೆ ಹತ್ತಿರ ಬಂದಿತ್ತು, ಗಣಿತಕ್ಕೆ ಅಲ್ಲಿ ಬೇರೆ ಯಾರೂ ಇರಲಿಲ್ಲ.

"ನೀನು ಬಿಡಬೇಕು ಅಂತಿದ್ದೀಯಾ?" ಎಂದು ಕೇಳಿದೆ.

"ನಾನು ಬಿಡಂಗಿದ್ರೆ ನಿನಗ್ಯಾಕೆ ಫೋನ್ ಮಾಡ್ತಿದ್ದೆ," ಎಂದಳು.

ಭಾನುವಾರ ಬೆಳಿಗ್ಗೆ ನ್ಯಾಮತಿಯಲ್ಲಿ ಮೊದಲ ಬಸ್ಸು ಹತ್ತಿ, ಹೊನ್ನಾಳಿ ದಾಟಿ, ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಜಗಳೂರು ಸೇರಿದೆ. ನಮ್ಮ ಕಡೆಯ ತೋಟ, ಕಾಲುವೆ ಹಿಂದೆ ಬಿದ್ದು, ದಾವಣಗೆರೆ ಕಳೆದ ಮೇಲೆ ಬಯಲು. ಸುಗ್ಗಿಯ ಕಾಲ. ರಸ್ತೆಯ ಉದ್ದಕ್ಕೂ ಜನ ಪೈರನ್ನು ಟಾರಿನ ಮೇಲೆ ಹರವಿದ್ದರು. ಕಣ ಮಾಡುವವರು ಈಗ ಯಾರಿದ್ದಾರೆ. ಹೋಗುವ ಬರುವ ಗಾಡಿಗಳೇ ತುಳಿದು ಕಾಳು ಉದುರಿಸುತ್ತವೆ. ಹೆಂಗಸರು ಬದಿಯಲ್ಲಿ ಕೂತು ಗಾಡಿ ಬಂದಾಗಲೆಲ್ಲ ಮೇಲೆ ಹಾಯಿಸಿಕೊಂಡು ಹೋಗುವಂತೆ ಕೈ ಮಾಡುತ್ತಾರೆ. ಹಾಯಿಸದೆ ಬದಿಗೆ ಸರಿದು ಹೋದವನನ್ನು ಬೈದುಕೊಳ್ಳುತ್ತಾರೆ.

ಮನೆಯ ಬಾಗಿಲಲ್ಲೇ ಪ್ರೇಮಮ್ಮನವರು ಸಿಕ್ಕರು, ಅನ್ನಪೂರ್ಣನ ಅತ್ತೆ. ಕೈಕಾಲಿಗೆ ನೀರು ಕೊಟ್ಟು, "ನಿಮ್ಮ ಕಾರು ಓಣಿಗೆ ಬಂದ್ರೆ ಯಾರೂ ಎದ್ದು ನೋಡೋದೇ ಬ್ಯಾಡ ನೋಡಪ್ಪ. ಹಿಟ್ಟಿನ ಗಿರಣಿ ಬಂತು ಅಂತಾರೆ," ಎಂದರು. ಗಿರಣಿ ಆದರೆ ಒಳ್ಳೆಯದೇ ಆಯಿತು, ಒಂದು ಪಡಿ ಜೋಳ ಕೊಡಿ, ಹೋಗುವಾಗ ಬೀಸಿಕೊಂಡು ಹೋಗುತ್ತೇನೆ ಎಂದೆ. ಅವರಿಗೆ ನಗು ಬಂತು, ಆದರೆ ಸೊಸೆ ಅಲ್ಲೇ ಇದ್ದಳೆಂದು ನುಂಗಿಕೊಂಡರು.

ಮಾವ ಕೊಟ್ರಬಸಪ್ಪನವರು ಜಗಲಿಯ ಕಂಬಕ್ಕೆ ಒರಗಿ ಕೂತಿದ್ದರು. ಎತ್ತರದ ಆಳು, ಮಾತು ಕಡಿಮೆ. ಆ ಮನೆಯಲ್ಲಿ ಅನ್ನಪೂರ್ಣನಿಗೆ ಒಂದು ಕೆಟ್ಟ ಮಾತು ಆಡದವರು ಅವರೊಬ್ಬರೇ. ನನ್ನನ್ನು ನೋಡಿ ಕೈಯೆತ್ತಿದರು. ಎದ್ದು ಬರಲಿಲ್ಲ. ಕಾರಿನ ಕಡೆ ಒಮ್ಮೆಯೂ ನೋಡಲಿಲ್ಲ.

ಊಟಕ್ಕೆ ಮುದ್ದೆ, ಹೊಸ ಹುರುಳಿಯ ಸಾರು. ಸಾರು ಚೆನ್ನಾಗಿತ್ತು, ಹಾಗೇ ಹೇಳಿದೆ. ಪ್ರೇಮಮ್ಮನವರು ಈ ಸಲ ಹುರುಳಿ ಚೆನ್ನಾಗಿ ಬಂದಿದೆ ಎಂದು, ಬಾಡಿಗೆ ಟ್ರ್ಯಾಕ್ಟರ್ ಕರೆಸದೆ ಇವರೊಬ್ಬರೇ ಒಕ್ಕಣೆ ಮುಗಿಸಿದರು ಎಂದು ಗಂಡನನ್ನು ಹೊಗಳಿದರು. ಕೊಟ್ರಬಸಪ್ಪನವರು ತಟ್ಟೆಯಿಂದ ತಲೆ ಎತ್ತಲಿಲ್ಲ. ಆಗ ನನಗೇನೂ ತೋಚಲಿಲ್ಲ. ಮಿತಭಾಷಿ ಮನುಷ್ಯ ಎಂದುಕೊಂಡೆ.

ಊಟ ಆದ ಮೇಲೆ ಅನ್ನಪೂರ್ಣನಿಗೆ ಕಾರು ಓಡಿಸಲು ಹೇಳಿ ನಾನು ಪಕ್ಕದಲ್ಲಿ ಕೂತೆ. ದಿನಾ ಹೋಗುವ ದಾರಿಯಲ್ಲೇ ನಡಿ ಎಂದೆ. ಊರು ದಾಟುವ ತನಕ ಏನಿಲ್ಲ. ಮುಳ್ಳು ನಲವತ್ತು ಮುಟ್ಟುವಾಗ ಸಣ್ಣಗೆ ಎದ್ದಿತು, ಅರವತ್ತಕ್ಕೆ ಬರುವಷ್ಟರಲ್ಲಿ ಕಾರಿನ ತುಂಬಾ ಅದೇ. ಪಾದದ ಕೆಳಗೆ ತಗಡು ಜುಮುಗುಡುತ್ತಿತ್ತು. ನಾನು ಕಣ್ಣು ಮುಚ್ಚಿಕೊಂಡೆ. ಕಣ್ಣು ಬಿಟ್ಟಿದ್ದರೆ ಕಿವಿ ಅರ್ಧ ಕೆಲಸ ಮಾಡುತ್ತದೆ.

ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ಹಾಕಿ ಹಾಗೇ ಬಿಡು ಎಂದೆ. ಎಂಜಿನ್ ಸದ್ದು ಬಿದ್ದುಹೋಯಿತು, ಗುಂಯ್ ಮಾತ್ರ ಕಾರು ಉರುಳಿದಷ್ಟು ಹೊತ್ತೂ ಉಳಿಯಿತು, ಕಾರಿನ ವೇಗದ ಜೊತೆಯೇ ಇಳಿಯಿತು. ಅಂದರೆ ಎಂಜಿನ್ನಿನದಲ್ಲ, ಆ ರಬ್ಬರು ಹಾಕಿಸಿದ್ದು ದಂಡ. ಟೈರು ಬದಲಿಸಿದರೂ ಹೋಗಿಲ್ಲ, ಅಂದರೆ ಟೈರಿನದೂ ಅಲ್ಲ. ಎದುರು ಯಾರೂ ಇಲ್ಲದ ಕಡೆ ಸ್ಟೀರಿಂಗನ್ನು ಮೆಲ್ಲಗೆ ಬಲಕ್ಕೆ, ಆಮೇಲೆ ಎಡಕ್ಕೆ ತಿರುಗಿಸಲು ಹೇಳಿದೆ. ಬಲಕ್ಕೆ ತಿರುಗಿದಾಗ ಕಾರಿನ ಭಾರವೆಲ್ಲ ಎಡಗಡೆ ಬೀಳುತ್ತದೆ. ಆಗ ಸದ್ದು ಒಂದು ಪಟ್ಟು ಏರಿತು. ಎಡಕ್ಕೆ ತಿರುಗಿದಾಗ ತಗ್ಗಿತು. ಇನ್ನೊಮ್ಮೆ ಮಾಡಿಸಿದೆ, ಅದೇ.

"ಮುಂದಿನ ಎಡ ಚಕ್ರದ ಬೇರಿಂಗ್," ಎಂದೆ.

"ಅಷ್ಟೇನಾ?" ಎಂದಳು. ಅವಳ ದನಿಯಲ್ಲಿ ಹಗುರವಾದದ್ದು ನನಗೆ ಕೇಳಿಸಿತು. ನನಗೂ ಹಗುರವಾಯಿತು. ಬೇರಿಂಗ್ ಸವೆಯುವುದು ಯಾರ ತಪ್ಪೂ ಅಲ್ಲ.

ವಾಪಸ್ ಬರುವಾಗ ಅವಳ ದಾರಿಯನ್ನು ನೋಡುತ್ತಾ ಬಂದೆ. ಅಲ್ಲಿ ರಸ್ತೆಗೆ ಹಾಕಿದ್ದೆಲ್ಲ ರಾಗಿ, ಅಲ್ಲಲ್ಲಿ ಮೆಕ್ಕೆಜೋಳ. ನೀನು ಇದರ ಮೇಲೆ ಹಾಯಿಸುತ್ತೀಯಾ ಎಂದು ಕೇಳಿದೆ. ರಾಗಿಯಾದರೆ ಮೆಲ್ಲಗೆ ಹಾಯುತ್ತೇನೆ, ಆ ಹೆಂಗಸರ ಮಕ್ಕಳು ನನ್ನ ಕ್ಲಾಸಿನಲ್ಲೇ ಇವೆ, ಕೈ ಮಾಡಿದಾಗ ಹೆಂಗೆ ಬಿಡಲಿ ಎಂದಳು. ಇನ್ನೊಂದೂ ಹೇಳಿದಳು. ಸದ್ದು ಶುರುವಾದ ವಾರ, ಸೋಮವಾರ ಬೆಳಿಗ್ಗೆ ಕಾರು ಹತ್ತಿದರೆ ಸೀಟು ಪೂರ್ತಿ ಹಿಂದಕ್ಕೆ ಸರಿದಿತ್ತಂತೆ. ಕಾಲು ಕ್ಲಚ್ಚಿಗೆ ಮುಟ್ಟಲೇ ಇಲ್ಲ. ಮಹಾಂತೇಶ್ ಮುಟ್ಟಿಲ್ಲ ಎಂದನಂತೆ. ಅವನೂ ಅವಳಷ್ಟೇ ಎತ್ತರದವನು.

ಬಸ್ ಸ್ಟ್ಯಾಂಡ್ ಪಕ್ಕದ ಭೀಮೇಶನ ಶೆಡ್ಡಿಗೆ ಕಾರು ಒಯ್ದೆವು. ಎಂಜಿನ್ ರಬ್ಬರು ಹಾಕಿದ್ದು ಅವನೇ. ನಾನು ಹೇಳಿದ್ದನ್ನು ಕೇಳಿ ತಲೆ ಕೆರೆದುಕೊಂಡು, ಮಹಾಂತಣ್ಣ ರಬ್ಬರು ಹಾಕು ಅಂದ್ರು ಹಾಕ್ದೆ, ಕೇಳಿದ್ದು ಕೊಡದಿದ್ರೆ ಗಿರಾಕಿ ನಿಲ್ತಾರಾ ಎಂದು ನಕ್ಕ. ಅಷ್ಟರಲ್ಲಿ ಮಹಾಂತೇಶ್ ಬೈಕಿನಲ್ಲಿ ಬಂದ. ಹಿಂದೆ ಕೊಟ್ರಬಸಪ್ಪನವರು ಕೂತಿದ್ದರು. ಅಪ್ಪನೇ ಬರುತ್ತೇನೆಂದು ಹಟ ಮಾಡಿದರು ಎಂದ ಮಹಾಂತೇಶ್.

ಭೀಮೇಶ್ ಜಾಕಿ ಕೊಟ್ಟು ಚಕ್ರ ಎತ್ತಿದ. ಕೈಯಿಂದ ತಿರುಗಿಸಿ ನಾನು ಸ್ಪ್ರಿಂಗಿನ ಮೇಲೆ ಅಂಗೈ ಇಟ್ಟೆ. ಒಳಗೆ ಬೀಸುಕಲ್ಲು ಖಾಲಿ ತಿರುಗಿದ ಹಾಗೆ ಗರಗರ. ಅನುಮಾನ ಉಳಿಯಲಿಲ್ಲ. ಚಕ್ರ ಬಿಚ್ಚಿ, ಬ್ರೇಕಿನ ಡಿಸ್ಕು ಸರಿಸಿ, ಆಕ್ಸೆಲ್ ಎಳೆದಾಗ ಅದು ಕಾಣಿಸಿತು. ಆಕ್ಸೆಲ್ಲಿನ ಬುಡಕ್ಕೆ ಬಿಗಿಯಾಗಿ ಸುತ್ತಿಕೊಂಡ ಒಂದು ಹುಲ್ಲಿನ ಸುರುಳಿ. ಹೆಂಗಸರು ಕೊಡ ಹೊರುವಾಗ ತಲೆ ಮೇಲೆ ಇಟ್ಟುಕೊಳ್ಳುವ ಸಿಂಬೆಯಂತೆ ದುಂಡಗೆ, ಒತ್ತಾಗಿ, ಕರ್ರಗೆ. ಅದು ಒಳಗಿನ ರಬ್ಬರು ಸೀಲನ್ನು ಕಡಿದುಹಾಕಿತ್ತು. ಗ್ರೀಸೆಲ್ಲ ಸೋರಿ, ಬೇರಿಂಗಿಗೆ ಧೂಳು ತುಂಬಿತ್ತು. ಸುರುಳಿಯ ಒಂದು ಮಗ್ಗುಲು ಸುಟ್ಟು ಇದ್ದಿಲಾಗಿತ್ತು.

ಭೀಮೇಶ್ ಅದನ್ನು ಸ್ಕ್ರೂ ಡ್ರೈವರಿನಿಂದ ಕಿತ್ತು ನನ್ನ ಕೈಗೆ ಕೊಟ್ಟ. ಬೆರಳಿನಲ್ಲಿ ಸ್ವಲ್ಪ ಬಿಡಿಸಿದೆ. ರಾಗಿ ಹುಲ್ಲು ಟೊಳ್ಳು, ಮುರಿದರೆ ಮುರಿಯುತ್ತದೆ. ಇದು ನಾರಿನ ಹಾಗಿದ್ದ ತೆಳು ಬಳ್ಳಿ, ಎಳೆದಷ್ಟೂ ಬಿಗಿಯುವಂಥದು. ನಡುವೆ ಕುಡುಗೋಲಿನ ಹಾಗೆ ಬಾಗಿದ ಚಪ್ಪಟೆ ಕಾಯಿ ಸಿಪ್ಪೆಗಳು. ಮಧ್ಯಾಹ್ನ ಸಾರಿನಲ್ಲಿ ಉಂಡ ಹುರುಳಿಯೇ.

ಸೀಟು ಹಿಂದೆ ಸರಿಸಿದವರು ಯಾರು, ಟ್ರ್ಯಾಕ್ಟರ್ ಇಲ್ಲದೆ ಒಕ್ಕಣೆ ಮುಗಿದದ್ದು ಹೆಂಗೆ, ಆಗ ಹೊಳೆಯಿತು. ಭಾನುವಾರ, ಸೊಸೆಗೆ ರಜೆ, ಮನೆಯವರೆಲ್ಲ ಎಲ್ಲೋ ಹೋಗಿರಬೇಕು. ಹೊಲದ ಪಕ್ಕದ ರಸ್ತೆಯಲ್ಲಿ ಗಾಡಿಗಳ ಓಡಾಟ ಕಡಿಮೆ. ಮನೆ ಮುಂದೆ ಕಾರು ಸುಮ್ಮನೆ ನಿಂತಿದೆ. ಮುಂಚೆ ಟ್ರ್ಯಾಕ್ಟರ್ ಓಡಿಸಿದ ಕೈ. ಹುರುಳಿ ಹರವಿ ಅದರ ಮೇಲೆ ಕಾರನ್ನು ಹಿಂದಕ್ಕೂ ಮುಂದಕ್ಕೂ ಹಾಯಿಸಿದ್ದಾರೆ. ಅದರಲ್ಲಿ ಕೆಟ್ಟ ಬುದ್ಧಿ ಏನಿಲ್ಲ, ಈ ಕಡೆಯ ಯಾವ ರೈತನಾದರೂ ಮಾಡುವ ಕೆಲಸ. ಹೇಳದೆ ಉಳಿದದ್ದೇ ತಪ್ಪು. ಮೊದಲ ದಿನ ಹೇಳಿಬಿಟ್ಟಿದ್ದರೆ ನಗೆಯಲ್ಲಿ ಮುಗಿಯುತ್ತಿತ್ತು. ಸೊಸೆಯ ಮೇಲೆ ಮಾತು ಬರತೊಡಗಿದ ಮೇಲೆ ದಿನ ಕಳೆದಂತೆ ಅದು ಹೇಳಲಾಗದ ಮಾತಾಗಿ ಬೆಳೆದಿತ್ತು.

ಕೊಟ್ರಬಸಪ್ಪನವರು ಎರಡು ಹೆಜ್ಜೆ ದೂರದಲ್ಲಿ ನಿಂತಿದ್ದರು. ನಾನು ಅವರಿಗೊಂದು ದಾರಿ ಕೊಡೋಣ ಎಂದುಕೊಂಡೆ. ಸಿಂಬೆಯನ್ನು ಅವರ ಕೈಗಿಟ್ಟು ಹೇಳಿದೆ:

"ಬೀಗ್ರೆ, ನಾವು ಅಡಿಕೆ ಕಡೆಯೋರು. ನಮಗೆ ಇದು ಯಾವ ಹುಲ್ಲು ಅಂತ ತಿಳಿಯಂಗಿಲ್ಲ. ನೀವೇ ನೋಡಿ ಹೇಳ್ರಿ."

ಅವರು ಅದನ್ನು ಹಿಡಿದುಕೊಂಡರು. ಹೆಬ್ಬೆರಳಿನಿಂದ ಒಂದು ಕಾಯಿ ಸಿಪ್ಪೆಯನ್ನು ತಡವಿದರು. ಹುಟ್ಟಿದಾಗಿನಿಂದ ಹುರುಳಿ ಬಿತ್ತಿ ಕಿತ್ತ ಕೈ ಅದು. ಮಗನ ಮುಖ ನೋಡಿದರು, ನನ್ನ ಮುಖ ನೋಡಿದರು.

"ರಾಗಿ," ಎಂದರು.

ಭೀಮೇಶ್ ಬಗ್ಗಿಸಿದ ತಲೆ ಎತ್ತಿ ಒಮ್ಮೆ ನೋಡಿ ಮತ್ತೆ ಬಗ್ಗಿಸಿದ. ಅನ್ನಪೂರ್ಣನೂ ನೋಡಿದಳು. ಕೈಯಲ್ಲಿದ್ದದ್ದು ಏನೆಂದು ಅವಳಿಗೂ ಕಂಡಿತ್ತು. ಮಹಾಂತೇಶ್ ಮಾತ್ರ ಪಟ್ಟಣದ ಅಂಗಡಿಯಲ್ಲೇ ಬೆಳೆದವನು, ಹೊಲದ ಕಡೆ ಹೋದವನಲ್ಲ.

"ಕೇಳಿದ್ರಾ ಭಾವ," ಎಂದ ಅವನು. "ನಿಮ್ಮ ತಂಗಿ ದಾರಿ ತುಂಬಾ ರಾಗಿ. ಎಲ್ರಿಗೂ ಒಕ್ಕಣೆ ಮಾಡಿಕೊಟ್ಟು ಬರ್ತಾಳೆ. ಇವತ್ತು ಬೇರಿಂಗ್ ಹಾಕಿಸ್ತೀನಿ, ನಾಳೆ ಇನ್ನೊಂದು ಕಡೇದು ಹೋಗ್ತೈತೆ. ಕಾರು ಇನ್ನು ಮನೆ ಮುಂದೆ ನಿಲ್ಲಲಿ."

ಸದ್ದು ಸಿಕ್ಕಿತ್ತು, ಕೆಲಸ ಹೋಗಿತ್ತು. ನಾನು ಬಾಯಿ ತೆರೆದವನು ಮುಚ್ಚಿದೆ. ಹುರುಳಿ ಎಂದು ಒಂದು ಮಾತು ಹೇಳುವುದು ನನಗೆ ಕಷ್ಟವಿರಲಿಲ್ಲ. ಆದರೆ ಅದನ್ನು ಹೇಳಿ ನಾನು ಸಂಜೆಯ ಬಸ್ಸು ಹತ್ತುತ್ತೇನೆ. ಮಗನ ಮುಂದೆ, ಮೆಕ್ಯಾನಿಕ್ಕನ ಮುಂದೆ ಸುಳ್ಳನಾದ ಮಾವನ ಜೊತೆ ಆ ಮನೆಯಲ್ಲಿ ಉಳಿಯುವವಳು ಅವಳು. ಅವಳ ಕಡೆ ನೋಡಿದೆ. ಅವಳು ಬೇಡವೆಂಬಂತೆ ಕಣ್ಣಲ್ಲೇ ತಡೆದಳು. ಅದು ಧೈರ್ಯವೋ ಸೋಲೋ ನನಗೆ ತಿಳಿಯಲಿಲ್ಲ.

ಭೀಮೇಶ್ ಬೇರಿಂಗ್ ತರಿಸಿ, ಹಳೆಯದನ್ನು ಒತ್ತಿ ತೆಗೆದು ಹೊಸದು ಕೂರಿಸಿದ. ಮಹಾಂತೇಶ್ ಅಂಗಡಿ ತೆರೆಯಲು ಹೋದ. ಕಾರು ಇಳಿದ ಮೇಲೆ ಒಂದು ಸುತ್ತು ನೋಡಿ ಬರೋಣ, ನೀವೂ ಬನ್ನಿ ಎಂದು ಕೊಟ್ರಬಸಪ್ಪನವರನ್ನು ಕರೆದೆ. ಅವರು ಬೇಡವೆಂದರು. ಬನ್ನಿ ಎಂದು ಮುಂದಿನ ಬಾಗಿಲು ತೆಗೆದು ನಿಂತೆ. ಅನ್ನಪೂರ್ಣ ಹಿಂದೆ ಕೂತಳು. ನಾನೇ ಓಡಿಸಿದೆ.

ಅವಳ ಶಾಲೆಯ ದಾರಿ ಬಿಟ್ಟು ಅವರ ಹೊಲದ ದಾರಿ ಹಿಡಿದೆ. ನಲವತ್ತು, ಐವತ್ತು, ಅರವತ್ತು. ಕಾರು ನನ್ನ ಕೈಯಲ್ಲಿದ್ದಾಗಿನ ಹಾಗೆ ಓಡಿತು. ರಸ್ತೆಯ ಎರಡೂ ಬದಿ ಹುರುಳಿ ಹೊಟ್ಟು ಬಿದ್ದಿದ್ದ ಜಾಗ ಬಂತು. ನಾನು ನಿಧಾನ ಮಾಡಿದೆ.

"ಬೀಗ್ರೆ, ಒಂದು ಮಾತು ಹೇಳ್ತೀನಿ, ಯಾರ ಮೇಲೂ ಅಲ್ಲ," ಎಂದೆ. "ಆ ಸಿಂಬೆ ಒಂದು ಕಡೆ ಸುಟ್ಟಿತ್ತು ನೋಡಿದ್ರಲ್ಲ. ಬ್ರೇಕ್ ಕಾದು ಹತ್ಕಂಡಿದ್ದು ಅದು. ಇನ್ನೊಂದು ವಾರ ಓಡಿದ್ರೆ ಬೆಂಕಿ ಹಿಡಿತಿತ್ತು. ಹಿಡಿಯೋ ಹೊತ್ತಿಗೆ ಒಳಗೆ ಇರ್ತಿದ್ದೋಳು ಇವಳೊಬ್ಳೇ."

ಅವರು ಕಿಟಕಿಯ ಕಡೆ ಮುಖ ತಿರುಗಿಸಿದರು. ನಾನು ಕಾರು ನಿಲ್ಲಿಸಿದೆ. ಇಳಿದು ಹೊಟ್ಟಿನ ಹತ್ತಿರ ಹೋಗಿ ನಿಂತರು, ಕಾಲಿನಿಂದ ಸ್ವಲ್ಪ ಸರಿಸಿದರು, ಬೇಲಿಯ ಕಡೆ ತಿರುಗಿ ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಅವರು ವಾಪಸ್ ಬಂದು ಕೂತು, ಕಾರು ತಿರುಗಿಸು ಎಂದಷ್ಟೇ ಹೇಳಿದರು.

ನಾನು ಹೊರಡುವ ಹೊತ್ತಿಗೆ ಮಹಾಂತೇಶ್ ಅಂಗಡಿಯಿಂದ ಬಂದ. ಕೊಟ್ರಬಸಪ್ಪನವರು ಜಗಲಿಯಿಂದ ಏಳದೆಯೇ, ಎಲೆ ಅಡಿಕೆ ಹಾಕಿಕೊಳ್ಳುವಾಗ ಹೇಳುವ ಮಾತಿನ ಹಾಗೆ ಹೇಳಿದರು.

"ಕೆಲ್ಸ ಬಿಡೋದು ಬ್ಯಾಡ. ಪರೀಕ್ಷೆ ಮುಗಿಯೋ ತನ ನಾನು ಜೊತಿಗೆ ಹೋಗ್ತೀನಿ. ರೋಡಿನಾಗೆ ಹುಲ್ಲಿದ್ರೆ ಇಳಿದು ಸರಿಸ್ತೀನಿ."

ಮಹಾಂತೇಶ್ ಅಪ್ಪನನ್ನೂ ನನ್ನನ್ನೂ ನೋಡಿದ. ನೀನು ಅಲ್ಲಿ ದಿನಾ ಹೋಗಿ ಏನು ಮಾಡ್ತೀಯ ಎಂದ. ಶಾಲೆ ಮುಂದೆ ಬೇವಿನ ಮರ ಐತಂತೆ, ಕೂತಿರ್ತೀನಿ ಎಂದರು ಅವರು. ಪ್ರೇಮಮ್ಮನವರು ಒಳಗಿನಿಂದಲೇ, ಸೊಸಿ ಮಾಡಿದ್ದಕ್ಕೆ ಮಾವ ರೋಡ್ ಗುಡಿಸೋ ಕಾಲ ಬಂತು ಎಂದರು. ಅದಕ್ಕೆ ಕೊಟ್ರಬಸಪ್ಪನವರು ಏನಾದರೂ ಹೇಳುತ್ತಾರೆಂದು ನಾನು ಚೀಲ ಹೆಗಲಿಗೆ ಹಾಕಿಕೊಂಡು ಒಂದು ಗಳಿಗೆ ನಿಂತೆ. ಅವರು ಅಡಿಕೆ ಕಡಿದರು.

ಬಸ್ಸಿನಲ್ಲಿ ದಾವಣಗೆರೆಯ ತನಕ ನಾನು ಅದನ್ನೇ ಯೋಚಿಸುತ್ತಾ ಬಂದೆ. ಕೆಲಸ ಉಳಿಯಿತು, ಸರಿ. ತಪ್ಪು ಅವಳ ತಲೆ ಮೇಲೇ ಉಳಿಯಿತು. ನಾನು ಬಾಯಿ ಮುಚ್ಚಿಕೊಂಡದ್ದು ಅವಳಿಗೆ ಒಳ್ಳೆಯದು ಮಾಡಿತೋ, ಇನ್ನೊಂದು ಭಾರ ಹೊರಿಸಿತೋ. ಚಕ್ರದ ಭಾರವಾದರೆ ಸ್ಟೀರಿಂಗ್ ತಿರುಗಿಸಿ ಯಾವ ಕಡೆ ಬಿತ್ತು ಎಂದು ನೋಡಬಹುದು.

ಆ ವಾರ ಒಂದು ಬೆಳಿಗ್ಗೆ ನಾನು ಸಾಸ್ವೆಹಳ್ಳಿಯಲ್ಲಿ ಲೋಡು ಕಾಯುತ್ತಿದ್ದಾಗ ಫೋನ್ ಬಂತು.

"ಅಣ್ಣ, ಸುಮ್ನೆ ಕೇಳು."

ಕೇಳಿದೆ. ಎಂಜಿನ್ ಓಡುತ್ತಿತ್ತು, ಟೈರು ಟಾರಿನ ಮೇಲೆ ಉರುಳುತ್ತಿತ್ತು. ಗುಂಯ್ ಇರಲಿಲ್ಲ. ಕಾರು ಚೆನ್ನಾಗಿದೆ ಎಂದು ಹೇಳಲು ಹೊರಟೆ, ಅಷ್ಟರಲ್ಲಿ ಕಾರು ನಿಂತಿತು. ಬಾಗಿಲು ತೆರೆದ ಸದ್ದು. ದೂರದಲ್ಲಿ ಹೆಂಗಸರ ಮಾತು, ಟೀಚರಮ್ಮನ ಕಾರು ಒಂಚೂರು ಹಾಯಿಸಿ ಹೋಗಾಕೆ ಹೇಳ್ರಿ ಯಜಮಾನ್ರೆ ಎಂದು ಯಾರೋ ಕೇಳಿದಂತಿತ್ತು. ಆಮೇಲೆ ಕೊಟ್ರಬಸಪ್ಪನವರ ದನಿ.

"ರಾಗಿನಾ? ರಾಗಿ ಆದ್ರೆ ಚಿಂತಿಲ್ಲ, ಒಂಚೂರು ತೆಳ್ಳಗೆ ಹರವ್ರಿ. ಹುರುಳಿ ಮಾತ್ರ ಹಾಕಬ್ಯಾಡ್ರಿ ತಾಯಿ. ಹುರುಳಿ ಬಳ್ಳಿ ಚಕ್ರದೊಳಗೆ ಹೊಕ್ಕು ಸಿಂಬೆ ಕಟ್ಟತೈತೆ. ನಾನೇ ಹಾಯಿಸಿ ನಮ್ಮ ಕಾರು ಕೆಡಿಸೀನಿ."

ಯಾರೋ ನಕ್ಕರು. ಹುಲ್ಲು ಸರಿಸುವ ಸರಸರ ಸದ್ದು ಕೇಳತೊಡಗಿತು.

ಅನ್ನಪೂರ್ಣ ಫೋನ್ ಎತ್ತಿಕೊಂಡಳು. "ಕೇಳ್ತಾ?"

"ಕೇಳ್ತು. ಮನಿಯಾಗೆ ಹೇಳಿದ್ರಾ?"

"ಇಲ್ಲ. ನಿನ್ನೆ ರಾತ್ರಿ ಊಟದ ಹೊತ್ತಿನಾಗೂ ಅತ್ತೆ ನನಗೇ ಅಂದ್ರು. ಮಾವ ತಟ್ಟೆ ನೋಡ್ಕಂಡು ಉಂಡ್ರು. ಇಲ್ಲಿ ಮಾತ್ರ ದಿನಾ ಹೇಳ್ತಾರೆ. ಪ್ರತಿ ರಾಶಿ ಹತ್ರ ಇಳಿದು ಇದನ್ನೇ ಹೇಳ್ತಾರೆ. ನಾನು ಕಿಟಕಿ ಇಳಿಸ್ಕಂಡಿರೋದು ಅವರಿಗೆ ಗೊತ್ತು."

ಅಷ್ಟರಲ್ಲಿ ಬಾಗಿಲು ಮುಚ್ಚಿದ ಸದ್ದು ಬಂತು.

"ಬೆಲ್ಟ್ ಹಾಕ್ಯಳ್ರಿ ಮಾವ," ಎಂದಳು ಅವಳು. ಫೋನ್ ನಿಂತಿತು.